ಹನ್ನೆರಡನೆಯ ಬಟ್ಟಲು

ಯೊಸಿನಾ ಬಿಳಿಯವಳು ಎಂದು ಮೊಟ್ಟಮೊದಲು ಒಪ್ಪಿಕೊಂಡವರು ಜಪಾನಿನ ಸಿಪಾಯಿಗಳು. ಒಪ್ಪಿಕೊಂಡ ಕೂಡಲೇ ಸೆರೆಗೆ ಹಾಕಿದರು.

ಅದಕ್ಕೆ ಮೊದಲು ಮೂವತ್ತಾರು ವರ್ಷ ಯಾರೂ ಒಪ್ಪಿರಲಿಲ್ಲ. ಅಪ್ಪ ಡಚ್ಚಿನವನು, ಜಾವಾದ ಕಬ್ಬಿನ ತೋಟವೊಂದರಲ್ಲಿ ಮೇಸ್ತ್ರಿ. ಅವ್ವ ಜಾವಾದವಳೇ. ಹಗಲು ಅವನ ಬಟ್ಟೆ ಒಗೆಯುತ್ತಿದ್ದಳು, ರಾತ್ರಿ ಅವನ ಹಾಸಿಗೆಯಲ್ಲಿ ಮಲಗುತ್ತಿದ್ದಳು. ಎರಡಕ್ಕೂ ಸೇರಿ ಒಂದೇ ಸಂಬಳ. ಮಗು ಹುಟ್ಟಿದಾಗ ಅಪ್ಪ ದೊಡ್ಡ ಮನಸ್ಸು ಮಾಡಿ ಕಚೇರಿಗೆ ಹೋಗಿ ಹೆಸರು ಬರೆಸಿದ. ತನ್ನ ಮನೆತನದ ಹೆಸರು ಹಾಗೇ ಕೊಡಲು ಮರ್ಯಾದೆ ಅಡ್ಡಬಂತು. ಅಕ್ಷರಗಳನ್ನು ಹಿಂದುಮುಂದು ಮಾಡಿ ಕೊಟ್ಟ. ಅಲ್ಲಿನ ಎಷ್ಟೋ ಡಚ್ಚು ಗಂಡಸರು ಹೀಗೇ ಮಾಡುತ್ತಿದ್ದರು. ಆಮೇಲೆ ಹಡಗು ಹತ್ತಿ ಹೋದ.

ಹದಿನಾಲ್ಕನೆಯ ವಯಸ್ಸಿಗೆ ಯೊಸಿನಾ ಸೆಮಾರಾಂಗ್ ಪಟ್ಟಣದ ವೆಸ್ಟರ್‌ಮಾನ್ ಸಾಹೇಬರ ಬಂಗಲೆಯ ಅಡುಗೆಮನೆ ಹೊಕ್ಕಳು. ಅಡುಗೆಯವಳಿಗೆ ಆ ಸೀಮೆಯಲ್ಲಿ ಕೊಕ್ಕಿ ಅನ್ನುತ್ತಾರೆ. ಯಜಮಾನಿಗೆ ನ್ಯೋನ್ಯಾ. ಇಪ್ಪತ್ತೆರಡು ವರ್ಷ ಇವಳು ಕೊಕ್ಕಿ, ಅವಳು ನ್ಯೋನ್ಯಾ. ಯುದ್ಧ ಬಂತು. ಜಪಾನಿನವರು ಬಂದರು. ಸಾಹೇಬರನ್ನು ಬೇರೆ ಕಡೆ ಸಾಗಿಸಿದರು. ಕಾಗದದಲ್ಲಿ ಯಾರ ಯಾರ ಹೆಸರು ಬಿಳಿಯವರದೋ ಆ ಹೆಂಗಸರೆಲ್ಲ ಶಿಬಿರಕ್ಕೆ ನಡೆಯಬೇಕು ಎಂದರು. ಪಟ್ಟಿಯಲ್ಲಿ ನ್ಯೋನ್ಯಾಳ ಹೆಸರಿತ್ತು. ಅದರ ಕೆಳಗೇ ಯೊಸಿನಾಳ ಹಿಂದುಮುಂದಾದ ಹೆಸರೂ ಇತ್ತು.

ನ್ಯೋನ್ಯಾ ಗುಮಾಸ್ತನ ಹತ್ತಿರ ಹೋಗಿ, "ಏನೋ ತಪ್ಪಾಗಿದೆ ಕಣಪ್ಪಾ, ಇವಳು ನಮ್ಮ ಕೊಕ್ಕಿ, ನಮ್ಮವಳಲ್ಲ," ಎಂದಳು. ಅಷ್ಟರಲ್ಲಿ ಕಾಲ ಬಳಿ ತನ್ನ ಮೂರು ಪೆಟ್ಟಿಗೆಗಳು ಕಂಡವು. ಸುಮ್ಮನಾದಳು. ಪೆಟ್ಟಿಗೆಗಳನ್ನು ಯೊಸಿನಾ ಹೊತ್ತಳು.

ಶಿಬಿರ ಗುಡ್ಡದ ಬುಡದ ಹಳೆಯ ಸಿಪಾಯಿ ಬಿಡಾರ. ಒಂದೊಂದು ಕೊಟ್ಟಿಗೆಯಲ್ಲಿ ಅರವತ್ತು ಹೆಂಗಸರು. ಉದ್ದದ ಹಲಗೆ ಮಂಚ. ತಲೆಗೆ ಎರಡೂವರೆ ಗೇಣು ಅಗಲದ ಜಾಗ. ನ್ಯೋನ್ಯಾಳ ಪಕ್ಕದ ಜಾಗ ಯೊಸಿನಾಳದು. ನ್ಯೋನ್ಯಾ ಮೂರೂವರೆ ಗೇಣಲ್ಲಿ ಮಲಗುತ್ತಿದ್ದಳು. ಯೊಸಿನಾ ಒಂದೂವರೆಯಲ್ಲಿ ಮಗ್ಗುಲಾಗಿ ಮಲಗುತ್ತಿದ್ದಳು.

ಅವಳ ಇನ್ನೊಂದು ಮಗ್ಗುಲಿಗೆ ಬೆಪ್ ಇದ್ದಳು. ಅವಳೂ ಬೆರಕೆ ರಕ್ತದವಳೇ, ಟ್ರಾಮ್ ಕಂಡಕ್ಟರನ ವಿಧವೆ, ಸ್ಟೇಷನ್ನಿನ ಮುಂದೆ ಬಾಳೆ ಎಲೆಯಲ್ಲಿ ಸುತ್ತಿದ ಅಕ್ಕಿ ಕಡುಬು ಮಾರುತ್ತಿದ್ದವಳು. ಬಾಯಿಗೆ ಬೀಗ ಇರಲಿಲ್ಲ.

"ಅಲ್ವೇ, ಹಲಗೆ ಸರ್ಕಾರದ್ದು, ಬೆನ್ನು ನಿಂದು. ನಡುವೆ ಆ ಹೆಂಗಸು ಎಲ್ಲಿಂದ ಬಂದ್ಲು?" ಎಂದು ಬೆಪ್ ಕೇಳುತ್ತಿದ್ದಳು.

"ಅವರಿಗೆ ಇಕ್ಕಟ್ಟು ಅಭ್ಯಾಸ ಇಲ್ಲ ಕಣಕ್ಕಾ."

"ನಿಂಗೆ ಇದ್ಯಲ್ಲ, ಸಾಕು ಬಿಡು."

ಬೆಳಗ್ಗೆ ಹಾಜರಿ. ಜಪಾನಿ ಸಾರ್ಜೆಂಟನಿಗೆ ಹೆಂಗಸರು ಹುರಿಗಾಳು ಎಂದು ಹೆಸರಿಟ್ಟಿದ್ದರು. ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಬಾಣಲೆಯಲ್ಲಿದ್ದ ಹಾಗೆ ಹಾರುತ್ತಿದ್ದ. ಅವನ ಮುಂದೆ ಸೊಂಟದಿಂದ ಬಾಗಬೇಕು. ಕಡಿಮೆ ಬಾಗಿದರೆ ಕೆನ್ನೆಗೆ ಬೀಳುತ್ತಿತ್ತು. ಹೆಚ್ಚು ಬಾಗಿದರೆ ಅಣಕಿಸುತ್ತಿದ್ದಾಳೆಂದು ಬೀಳುತ್ತಿತ್ತು. ಸರಿಯಾಗಿ ಬಾಗಿದವರಿಗೂ ಕೆಲವು ದಿನ ಬೀಳುತ್ತಿತ್ತು. ಒಂದು ಮಾತು ಮಾತ್ರ ಅವನ ಪರವಾಗಿ ಹೇಳಬೇಕು. ಅವನಿಗೆ ಈ ಹೆಂಗಸರೆಲ್ಲ ಒಂದೇ ಥರ ಕಾಣುತ್ತಿದ್ದರು. ಸಾಹೇಬರ ಹೆಂಡತಿ ಯಾರು, ಅವಳ ಅಡುಗೆಯವಳು ಯಾರು ಎಂದು ಕೇಳಿದ್ದರೆ ಅವನು ಸಾಯುವವರೆಗೂ ಯೋಚಿಸುತ್ತಿದ್ದ.

ಇದರಿಂದಲೇ ಯೊಸಿನಾಳಿಗೆ ಸಂಕಟ ಬಂದದ್ದು.

ತಿನ್ನಲು ಕೊಡುತ್ತಿದ್ದದ್ದು ಮರಗೆಣಸಿನ ಗಂಜಿ. ಸೆಮಾರಾಂಗಿನ ಅಗಸರು ಸಾಹೇಬರ ಕಾಲರು ಗಟ್ಟಿ ಮಾಡಲು ಹಾಕುತ್ತಿದ್ದ ಗಂಜಿಯೇ ಅದು. ಪಾಯಖಾನೆ ಡ್ರಮ್ಮು ಹೊರುವವರಿಗೆ ಮಾತ್ರ ಒಂದು ಸೌಟು ಹೆಚ್ಚು. ಬೆಳಗ್ಗೆ ಒಂದು ಸರದಿ, ಸಂಜೆ ಒಂದು ಸರದಿ. ಬಿದಿರು ಗಳದ ಎರಡು ತುದಿಗೆ ಇಬ್ಬರು ಹೆಂಗಸರು, ನಡುವೆ ತುಂಬಿದ ಡ್ರಮ್ಮು, ಗುಡ್ಡದ ಆಚೆಯ ಗುಂಡಿಯವರೆಗೆ. ಬೆಪ್ ಗಟ್ಟಿಗಿತ್ತಿ, ಎರಡೂ ಸರದಿಗೆ ಹೆಸರು ಕೊಟ್ಟಿದ್ದಳು, ಎರಡು ಸೌಟು ತಿನ್ನುತ್ತಿದ್ದಳು. ಬೆಳಗಿನ ಸರದಿಗೆ ಯೊಸಿನಾ ಹೆಸರು ಕೊಟ್ಟಳು. ಸಂಜೆಯ ಸರದಿಗೆ ನ್ಯೋನ್ಯಾ ವೆಸ್ಟರ್‌ಮಾನ್ ಹೆಸರು ಕೊಟ್ಟಳು.

ಬೆಳಗ್ಗೆ ಯೊಸಿನಾ ಹೊತ್ತಳು. ಸಂಜೆಯೂ ಯೊಸಿನಾ ಹೊತ್ತಳು. ಬೆಳಗಿನ ಸೌಟು ಯೊಸಿನಾ ತಿಂದಳು. ಸಂಜೆಯ ಸೌಟು ನ್ಯೋನ್ಯಾ ತಿಂದಳು.

"ಹೆಸರು ನಂದಲ್ವಾ?" ಎಂದಳು ನ್ಯೋನ್ಯಾ. ಯಾರೂ ಕೇಳಿರಲಿಲ್ಲ, ಆದರೂ ಹೇಳಿದಳು. "ಬೇರೆಯವರ ಹೆಸರಿನ ಊಟ ನೀನು ತಿಂದ್ರೆ ಅದು ಕಳ್ಳತನ ಆಗುತ್ತೆ."

"ಹೂಂ ನ್ಯೋನ್ಯಾ," ಎಂದಳು ಯೊಸಿನಾ. ಆ ಹೂಂ ಯೋಚನೆಗಿಂತ ಮೊದಲೇ ಬಾಯಿಂದ ಬಿದ್ದುಹೋಗುತ್ತಿತ್ತು. ಇಪ್ಪತ್ತೆರಡು ವರ್ಷದ ರೂಢಿ. ಜೊತೆಗೆ ಒಂದು ಹೆದರಿಕೆಯೂ ಇತ್ತು. ಆ ದೇಶದಲ್ಲಿ ಕೆಲಸದವಳು ಮನೆ ಬಿಟ್ಟರೆ ಹಳೆಯ ಯಜಮಾನಿ ಒಂದು ಕಾಗದ ಬರೆದುಕೊಡಬೇಕು. ಇವಳು ಒಳ್ಳೆಯವಳು, ಕದಿಯುವುದಿಲ್ಲ, ಬಿಟ್ಟುಕೊಟ್ಟಿದ್ದೇನೆ ಎಂದು. ಕಾಗದವಿಲ್ಲದವಳನ್ನು ಯಾವ ಬಂಗಲೆಯೂ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಒಳ್ಳೆಯ ಕಾಗದ ಬರೆದುಕೊಡುತ್ತೇನೆ ಎಂದು ನ್ಯೋನ್ಯಾ ವಾರಕ್ಕೊಮ್ಮೆ ನೆನಪಿಸುತ್ತಿದ್ದಳು.

ಮಧ್ಯಾಹ್ನ ನಾಲ್ಕಕ್ಕೆ ಔತಣ. ತಿನ್ನುವ ವಸ್ತು ಒಂದೂ ಇರಲಿಲ್ಲ, ಬರೀ ಬಾಯಿಮಾತಿನ ಔತಣ. ಹಸಿದ ಹೆಂಗಸರಿಗೆ ಅಡುಗೆಯ ಮಾತು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಗಂಡಂದಿರ ಮುಖ ಮರೆತಿತ್ತು. ಗಂಡಂದಿರು ತಿಂದುಬಿಟ್ಟ ಕೋಳಿಯ ತೊಡೆ ಮರೆತಿರಲಿಲ್ಲ. ಹಲಗೆಯ ಮೇಲೆ ನ್ಯೋನ್ಯಾ ಸೇರಿ ಎಂಟು ಜನ ದೊಡ್ಡ ಮನೆಯವರು ಎದುರುಬದುರು ಕೂರುತ್ತಿದ್ದರು. ಗಾಳಿಯಲ್ಲಿ ಕೈ ತೊಳೆಯುತ್ತಿದ್ದರು. ಗಾಳಿಯ ಕರವಸ್ತ್ರ ತೊಡೆಗೆ ಹಾಸುತ್ತಿದ್ದರು. ಒಬ್ಬಳು ಅಡುಗೆ ಹೇಳಬೇಕು, ಉಳಿದವರು ತಿನ್ನಬೇಕು. ನಿಯಮ ಬಿಗಿ. ಬಡಿಸುವ ಮೊದಲೇ ಬಾಯಿ ಆಡಿಸಿದವರಿಗೆ ಎರಡು ದಿನ ಊಟವಿಲ್ಲ.

ಕಷ್ಟ ಏನೆಂದರೆ ಆ ಎಂಟು ಜನರಲ್ಲಿ ಒಬ್ಬಳಿಗೂ ಅಡುಗೆ ಬರುತ್ತಿರಲಿಲ್ಲ.

ಮೊದಲ ದಿನ ಜಡ್ಜಿ ಹೆಂಡತಿಯ ಸರದಿ. "ತೆಂಗಿನಹಾಲಿನ ಕೋಳಿಸಾರು," ಎಂದು ಶುರುಮಾಡಿದಳು. ಎಲ್ಲರ ಬಾಯಲ್ಲಿ ನೀರು. "ಮೊದಲು ಒಂದು ಕೋಳಿ ಇರಬೇಕು."

"ಸರಿ."

"ಆಮೇಲೆ ಗಂಟೆ ಬಾರಿಸೋದು."

"ಗಂಟೆ ಯಾಕ್ರೀ?"

"ಗಂಟೆ ಬಾರಿಸಿದ್ರೆ ತಂದಿಡ್ತಾರೆ," ಎಂದಳು ಜಡ್ಜಿ ಹೆಂಡತಿ. ಅವಳಿಗೆ ಗೊತ್ತಿದ್ದ ಅಡುಗೆ ಅಷ್ಟೇ. ಮಿಕ್ಕ ಏಳು ಜನರಿಗೂ ಅಷ್ಟೇ ಗೊತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಾಗಾಗಿ ಯೊಸಿನಾಳನ್ನು ಕರೆದರು. ಅವಳು ಬಾಯಲ್ಲೇ ಒಲೆ ಹಚ್ಚಿದಳು. ತೆಂಗಿನಕಾಯಿ ತುರಿದು ಹಿಂಡಿದಳು, ಮೊದಲ ಹಾಲು ಬೇರೆ, ಎರಡನೆಯ ಹಾಲು ಬೇರೆ. ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಅರೆದಳು. ಮಜ್ಜಿಗೆ ಹುಲ್ಲನ್ನು ಜಜ್ಜಿ ಗಂಟುಹಾಕಿ ಬಿಟ್ಟಳು. ಕುದಿ ಬಂದಾಗ ಸದ್ದಿಲ್ಲದೆ ಕೈಯಾಡಿಸಿದಳು. ಜಡ್ಜಿ ಹೆಂಡತಿ ಗೊಳೋ ಎಂದು ಅತ್ತುಬಿಟ್ಟಳು. ಔತಣಕ್ಕೆ ಕರೆಯಿಸಿಕೊಳ್ಳದ ಬೆಪ್ ತನ್ನ ಜಾಗದಲ್ಲಿ ಬಿದ್ದುಕೊಂಡು ಕಿವಿಯಲ್ಲೇ ಕದ್ದು ತಿಂದಳು. ನ್ಯೋನ್ಯಾ ಎಲ್ಲವನ್ನೂ ಪೆನ್ಸಿಲಲ್ಲಿ ಪುಸ್ತಕಕ್ಕೆ ಇಳಿಸಿದಳು. ಪುಸ್ತಕದ ಮೇಲೆ 'ಶ್ರೀಮತಿ ವೆಸ್ಟರ್‌ಮಾನ್ ಅವರ ಕೈರುಚಿ' ಎಂದು ಬರೆದಿತ್ತು.

ಬರೆದು ಮುಗಿಸಿ, ಗಾಳಿಯ ಚಮಚ ಬಾಯಿಗಿಟ್ಟು, ಮುಖ ಹುಳ್ಳಗೆ ಮಾಡಿದಳು.

"ಉಪ್ಪು ಜಾಸ್ತಿ."

ಯೊಸಿನಾ ಬರಿಯ ಹಲಗೆಯನ್ನು ನೋಡಿದಳು.

"ಕೇಳಿಸ್ತಾ? ಉಪ್ಪು ಜಾಸ್ತಿಯಾಗಿದೆ. ತಗೊಂಡು ಹೋಗು. ಬೇರೆ ತಾ."

ಎರಡು ವರ್ಷದಿಂದ ಆ ಶಿಬಿರದಲ್ಲಿ ಯಾರೂ ಉಪ್ಪಿನ ಹರಳು ಕಂಡಿರಲಿಲ್ಲ. ಯೊಸಿನಾ ಎರಡೂ ಕೈ ಚಾಚಿ ಇಲ್ಲದ ಬಟ್ಟಲು ಎತ್ತಿಕೊಂಡಳು. ಬಾಗಿಲವರೆಗೆ ನಡೆದಳು. ಒಂದು ಕ್ಷಣ ನಿಂತು, ತಿರುಗಿ ಬಂದು, ಇನ್ನೊಂದು ಇಲ್ಲದ ಬಟ್ಟಲು ಇಟ್ಟಳು.

"ಈಗ ಪರವಾಗಿಲ್ಲ," ಎಂದಳು ನ್ಯೋನ್ಯಾ.

ಅವತ್ತು ಬೆಪ್ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಸಿಟ್ಟು ಬಂದು ಗೋಡೆ ಕಡೆ ತಿರುಗಿದಳು. "ಗಾಳಿ ಊಟದಲ್ಲೂ ನಿಂಗೊಂದು ತಟ್ಟೆ ಹಾಕ್ಲಿಲ್ಲ ಕಣೆ ಆ ಮುಂಡೇರು. ಅವರಪ್ಪನ ಗಂಟೇನು ಹೋಗ್ತಿತ್ತು?"

ಯೊಸಿನಾ ಒಮ್ಮೆ ಕೇಳಿಯೂ ನೋಡಿದ್ದಳು. "ನಾನೂ ಕೂರ್ಲಾ ನ್ಯೋನ್ಯಾ?" ಎಂದು.

"ನೀನು ಕೂತ್ರೆ ಬಡಿಸೋರು ಯಾರು?" ಎಂದಿದ್ದಳು ನ್ಯೋನ್ಯಾ.

ಮೂರನೆಯ ವರ್ಷ ಅವಳ ಕಾಲು ಬಾತವು. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು. ಒಂದು ಬೆಳಗ್ಗೆ ಡ್ರಮ್ಮು ಹೊತ್ತು ಗುಡ್ಡದ ಇಳಿಜಾರಲ್ಲಿ ಕಾಲು ಮಡಚಿ ಬಿದ್ದಳು. ಡ್ರಮ್ಮು ಅವಳ ಮೇಲೆಯೇ ಮಗುಚಿತು. ಅರವತ್ತು ಹೆಂಗಸರ ಹೊಟ್ಟೆಯದ್ದೆಲ್ಲ ತಲೆಯಿಂದ ಇಳಿಯಿತು. ತೊಳೆಯಲು ನೀರಿಲ್ಲ, ಹಾಜರಿಯ ಹೊತ್ತು. ಹಾಗೆಯೇ ಸಾಲಲ್ಲಿ ನಿಂತಳು. ಹುರಿಗಾಳು ಅವಳ ಮುಂದೆ ಬಂದ, ಮೂಗು ಹಿಡಿದ, ಹೊಡೆಯಲು ಕೈ ಎತ್ತಿದ. ಎಲ್ಲಿ ಹೊಡೆದರೂ ಕೈಗೆ ಮೆತ್ತುತ್ತದೆ ಎಂದು ಅವನಿಗೆ ಗೊತ್ತಾಯಿತು. ಕೈ ಗಾಳಿಯಲ್ಲೇ ನಿಂತಿತು. ಕೊನೆಗೆ ಪಕ್ಕದಲ್ಲಿದ್ದ ಬೆಪ್‌ಗೆ ಹೊಡೆದು ಮುಂದೆ ಹೋದ.

"ನೀನು ಹೇತ ಋಣ ನನ್ನ ಕೆನ್ನೆಗೆ," ಎಂದಳು ಬೆಪ್, ಸಾಲು ಚದುರಿದ ಮೇಲೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗುವಾಗಲೇ ಯೊಸಿನಾ ಅತ್ತಳು.

ಗಂಜಿ ಹಂಚುವ, ರೋಗಿಗಳನ್ನೂ ನೋಡುವ ಸನ್ಯಾಸಿನಿ ಕ್ಲೆಮೆನ್ಸಿಯಾ ಅವಳ ಕಾಲು ಒತ್ತಿ ನೋಡಿದಳು. ಹೆಬ್ಬೆರಳು ಒತ್ತಿದ ಕಡೆ ಗುಳಿ ಬಿತ್ತು. ಗುಳಿ ತುಂಬಲಿಲ್ಲ.

"ಎಷ್ಟು ಸರದಿ ಹೊರ್ತೀಯಮ್ಮಾ?"

"ಎರಡು, ಸಿಸ್ಟರ್."

"ಹೆಚ್ಚಿಗೆ ಎಷ್ಟು ಸೌಟು ತಿಂತೀಯಾ?"

"ಒಂದು."

ಸನ್ಯಾಸಿನಿ ಬೈಯುವವಳಲ್ಲ. ಬೈಗುಳ ಬಾಯಿಗೆ ಬಂದು ನುಂಗಿಕೊಂಡದ್ದು ಕುತ್ತಿಗೆಯಲ್ಲಿ ಕಂಡಿತು. "ಒಂದು ಸರದಿ ಬಿಟ್ರೆ ಬದುಕ್ತೀಯಾ. ಬಿಡ್ಲಿಲ್ಲ ಅಂದ್ರೆ ತಿಂಗಳೊಳಗೆ ನಿನ್ನನ್ನ ಬಿದಿರು ಚಾಪೇಲಿ ಸುತ್ತಿ ಆಚೆ ಕಳಿಸ್ತೀವಿ," ಎಂದಳು.

ಯೊಸಿನಾ ನ್ಯೋನ್ಯಾಳ ಮುಂದೆ ಹೋಗಿ ನಿಂತಳು. "ಕಾಲು ಆಗ್ತಿಲ್ಲ ನ್ಯೋನ್ಯಾ. ಸಂಜೆ ಸರದಿ..."

"ಅದೇ ಕಾಲಲ್ಲಿ ನಿನ್ನೆ ಹೊತ್ತಿದ್ದೀಯಲ್ಲ. ಸ್ವಲ್ಪ ದೂರ ನಿಂತ್ಕೋ, ನಾರ್ತಿದ್ದೀಯಾ. ಇವತ್ತು ಏನು ದಿನ ಗೊತ್ತಾ? ನನಗೆ ಐವತ್ತು ತುಂಬ್ತು. ನಾಲ್ಕಕ್ಕೆ ದೊಡ್ಡ ಔತಣ. ಇಪ್ಪತ್ನಾಲ್ಕು ಬಟ್ಟಲು."

ಇಪ್ಪತ್ನಾಲ್ಕು ಬಟ್ಟಲಿನ ಔತಣ ಎಂದರೆ ಸಾಹೇಬರ ಬಂಗಲೆಗಳ ಭಾರೀ ದೌಲತ್ತು. ನಡುವೆ ಅನ್ನ. ಇಪ್ಪತ್ನಾಲ್ಕು ಆಳುಗಳು ಬರಿಗಾಲಲ್ಲಿ ಸಾಲಾಗಿ ಬರಬೇಕು. ಒಬ್ಬೊಬ್ಬನ ಕೈಯಲ್ಲಿ ಒಂದೊಂದು ಬಟ್ಟಲು.

"ಆಳುಗಳು ಎಲ್ಲಿದ್ದಾರೆ ನ್ಯೋನ್ಯಾ?"

"ನೀನಿದ್ದೀಯಲ್ಲ. ಇಪ್ಪತ್ನಾಲ್ಕು ಸಲ ಬಾ."

ನಾಲ್ಕು ಗಂಟೆಗೆ ಎಂಟು ಜನ ಕೂತರು. ಜಡ್ಜಿ ಹೆಂಡತಿ ಹರಿದ ಅಂಗಿಗೆ ದಾಸವಾಳ ಸಿಕ್ಕಿಸಿಕೊಂಡಿದ್ದಳು. ಕೊಟ್ಟಿಗೆಯ ಮಿಕ್ಕ ಹೆಂಗಸರೆಲ್ಲ ಮಂಚದ ಮೇಲಿಂದ ಇಣುಕಿದರು. ಬಾಗಿಲಿಂದ ಹಲಗೆಗೆ ಹದಿನಾಲ್ಕು ಹೆಜ್ಜೆ. ಯೊಸಿನಾ ಮೊದಲ ಬಟ್ಟಲು ತಂದಳು. "ಸೀಗಡಿ ಹಾಕಿದ ಖಾರದ ಸಾಂಬಾಲ್." ಇಟ್ಟಳು. ತಿರುಗಿ ಹೋದಳು. "ಕಡ್ಡಿಗೆ ಚುಚ್ಚಿ ಸುಟ್ಟ ಕುರಿ ಮಾಂಸ." ಇಟ್ಟಳು. ಹೋದಳು. "ಹುರಿದ ಬಾಳೆಹಣ್ಣು." ನೆಲದ ಮೇಲೆ ಕಾಲು ಇಟ್ಟ ಕಡೆ ಒದ್ದೆ ಗುರುತು ಬೀಳುತ್ತಿತ್ತು. ಬಾತ ಚರ್ಮ ಒಡೆದು ನೀರು ಒಸರುತ್ತಿತ್ತು.

"ಬೆನ್ನು ನೆಟ್ಟಗೆ ಇಟ್ಕೊಂಡು ನಡಿ. ಒಂಬತ್ತನೆಯ ಆಳು ಕುಂಟಬಾರದು," ಎಂದಳು ನ್ಯೋನ್ಯಾ.

ಒಂಬತ್ತನೆಯ ಆಳು ಕುಂಟದೆ ನಡೆಯಲು ನೋಡಿದ. ಹತ್ತನೆಯವನು ಗೋಡೆ ಹಿಡಿದ. ಹನ್ನೊಂದನೆಯವನು ಮೊಟ್ಟೆ ಪಲ್ಯ ಇಟ್ಟು ಬಾಗಿಲಿಗೆ ಹೋದ. ಹನ್ನೆರಡನೆಯವನು ಬರಲಿಲ್ಲ.

ಯೊಸಿನಾ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು.

"ಹನ್ನೆರಡನೇದು?" ಎಂದಳು ನ್ಯೋನ್ಯಾ.

"ಬರಲ್ಲ."

"ಅಂದ್ರೆ?"

"ಒಲೆ ಆರಿಸಿದೀನಿ."

ಜಡ್ಜಿ ಹೆಂಡತಿ ಗಾಬರಿಯಿಂದ ಕೇಳಿದಳು, "ಹನ್ನೆರಡನೇದು ಮೀನಲ್ವಾ? ಮೀನು ಸೀದು ಹೋಯ್ತಾ?"

"ಸೀದಿಲ್ಲ. ಹಸೀದು ಹಾಗೇ ಬಿದ್ದಿದೆ. ಬೇಕಾದವರು ಹೋಗಿ ಬೇಯಿಸ್ಕೊಳ್ಳಿ."

ಒಬ್ಬಳು ಅಳಲು ಶುರುಮಾಡಿದಳು. ಇನ್ನೊಬ್ಬಳು, ನನಗೆ ಮೀನು ಬಿಟ್ಟರೆ ಬೇರೇನೂ ಸೇರುವುದಿಲ್ಲ, ಬೆಳಗಿನಿಂದ ಅದಕ್ಕೇ ಹೊಟ್ಟೆ ಖಾಲಿ ಇಟ್ಟಿದ್ದೆ ಎಂದಳು. ಮೂರನೆಯವಳು ತಾನೇ ಎದ್ದು ಹೋಗಿ ಮೀನು ತರುತ್ತೇನೆ ಎಂದು ಬಾಗಿಲವರೆಗೆ ಹೋದಳು. ಮೀನಿಗೆ ಏನು ಮಾಡಬೇಕೆಂದು ತಿಳಿಯದೆ ಬರಿಗೈಯಲ್ಲಿ ವಾಪಸಾದಳು. ಬೆಪ್ ಮಂಚದ ಮೇಲೆ ಎದ್ದು ಕೂತಳು. ಇಂಥ ತಮಾಷೆಯನ್ನು ಮಲಗಿ ನೋಡುವುದು ಪಾಪ ಎನ್ನಿಸಿತು ಅವಳಿಗೆ.

ನ್ಯೋನ್ಯಾಳ ಮುಖ ಕೆಂಪಾಯಿತು. ಹುಟ್ಟುಹಬ್ಬ, ಅತಿಥಿಗಳು, ಅರವತ್ತು ಜೊತೆ ಕಣ್ಣು. ಕೈಕೆಳಗಿನವರು ತಿರುಗಿಬಿದ್ದರೆ ಅವಳ ಜಾತಿಯವರ ಬಾಯಿಂದ ಒಂದೇ ಮಾತು ಬರುವುದು. ಅದು ತಾನಾಗಿ ಬಂತು.

"ಹೊರಡು. ನಿನ್ನನ್ನ ಕೆಲಸದಿಂದ ತೆಗೆದುಹಾಕಿದ್ದೀನಿ."

ಯೊಸಿನಾ ತಲೆ ಎತ್ತಿದಳು. "ಇನ್ನೊಂದ್ಸಲ ಹೇಳಿ ನ್ಯೋನ್ಯಾ."

"ಕೆಲಸದಿಂದ ತೆಗೆದಿದ್ದೀನಿ. ಈ ಕ್ಷಣದಿಂದ."

"ಎಲ್ಲಾರೂ ಕೇಳಿಸ್ಕೊಂಡ್ರಾ?" ಬೆಪ್ ಮಂಚದಿಂದ ಧುಮುಕಿದಳು. "ಕೇಳಿಸ್ಕೊಂಡ್ರೇನ್ರಮ್ಮಾ? ಜಡ್ಜಿ ಮನೆಯವ್ರೇ, ನೀವು ಸಾಕ್ಷಿ. ತೆಗೆದ ಮೇಲೆ ಕಾಗದ ಕೊಡ್ಬೇಕು. ಅದು ಕಾನೂನು."

"ಕಾಗದ ಕೊಡಲೇಬೇಕು," ಎಂದಳು ಜಡ್ಜಿ ಹೆಂಡತಿ. ಗಂಡನ ಬಾಯಿಂದ ಇಪ್ಪತ್ತು ವರ್ಷ ಕಾನೂನು ಕೇಳಿದ್ದಳು. ಬಳಸಲು ಇದೇ ಮೊದಲ ಅವಕಾಶ.

ನ್ಯೋನ್ಯಾ ಹಲ್ಲು ಕಡಿದು ಕೈರುಚಿ ಪುಸ್ತಕದಿಂದ ಒಂದು ಹಾಳೆ ಹರಿದಳು. ಸರ್ರಸರ್ರನೆ ಬರೆದು ಎಸೆದಳು. ಬೆಪ್ ಎತ್ತಿಕೊಂಡು ಎಲ್ಲರಿಗೂ ಕೇಳುವ ಹಾಗೆ ಓದಿದಳು: "ಯೊಸಿನಾ ಎಂಬಾಕೆ ನಮ್ಮಲ್ಲಿ ಇಪ್ಪತ್ತನಾಲ್ಕು ವರ್ಷ ಕೆಲಸದಲ್ಲಿದ್ದಳು. ಹೇಳಿದ ಮಾತು ಕೇಳುವುದಿಲ್ಲ. ಎದುರುತ್ತರ ಕೊಡುತ್ತಾಳೆ. ಯಾರೂ ಇಟ್ಟುಕೊಳ್ಳಬಾರದು."

ಆ ಕಾಗದಕ್ಕೆ ಹೆದರಿಯೇ ಯೊಸಿನಾ ಎರಡು ವರ್ಷ ಇನ್ನೊಬ್ಬಳ ಡ್ರಮ್ಮು ಹೊತ್ತಿದ್ದಳು. ಈಗ ಅದು ಕೈಗೆ ಬಂದಿತ್ತು. ಅವಳಿಗೆ ಹೆದರಿಕೆ ಆಗಲಿಲ್ಲ, ಖುಷಿಯಾಯಿತು. ತನ್ನ ಬಗ್ಗೆ ಯಾರೋ ನಿಜ ಬರೆದದ್ದು ಅದೇ ಮೊದಲು.

"ಕೆಳಗೆ ರುಜು ಹಾಕಿಲ್ಲ ನ್ಯೋನ್ಯಾ. ತಾರೀಖೂ ಹಾಕಿ," ಎಂದಳು.

ನ್ಯೋನ್ಯಾ ರುಜು ಹಾಕಿದಳು.

ಯೊಸಿನಾ ಹಾಳೆಯನ್ನು ಮಡಿಸಿ ಎದೆಗೆ ಸಿಕ್ಕಿಸಿಕೊಂಡಳು. ಗೋಡೆ ಹಿಡಿದು ಎದ್ದು ಬಂದಳು. ಎಂಟು ಜನರ ನಡುವೆ ಜಾಗ ಮಾಡಿಕೊಂಡು ಹಲಗೆಯ ಮೇಲೆ ಕೂತಳು.

"ಇದೇನಿದು?" ಎಂದಳು ನ್ಯೋನ್ಯಾ.

"ನಾನೀಗ ಯಾರ ಮನೆ ಕೊಕ್ಕಿನೂ ಅಲ್ಲ. ಊಟಕ್ಕೆ ಬಂದಿದೀನಿ. ಅಡುಗೆ ಹೇಳ್ಕೊಡ್ತೀನಿ. ಯಾರಾದ್ರೂ ಬಡಿಸಿ."

ಎಂಟು ಜನರಿಗೂ ಮೀನಿನ ಮೇಲೆ ಆಸೆ. ಯಾರು ಏಳಬೇಕು ಎಂದು ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಜಡ್ಜಿ ಹೆಂಡತಿಯ ಹೊಟ್ಟೆ ಗೆದ್ದಿತು. ಎದ್ದು ಬಾಗಿಲಿಗೆ ಹೋದಳು. ಯೊಸಿನಾ ಕೂತಲ್ಲಿಂದಲೇ ಹೇಳಿದಳು. ಉಜ್ಜಿ ತೊಳೀರಿ. ಹುಣಸೆ ರಸ ಸವರಿ. ಅರಿಶಿನ, ಹಸಿಮೆಣಸು. ಬಾಳೆ ಎಲೆಯಲ್ಲಿ ಸುತ್ತಿ ಕೆಂಡದ ಮೇಲಿಡಿ, ಉರಿಯ ಮೇಲಲ್ಲ. ಜಡ್ಜಿ ಹೆಂಡತಿ ಗಾಳಿಯಲ್ಲಿ ಕೈ ಸುಟ್ಟುಕೊಂಡು ಬೆರಳು ಬಾಯಲ್ಲಿಟ್ಟುಕೊಂಡಳು. ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಹದಿನಾಲ್ಕು ಹೆಜ್ಜೆ ನಡೆದು, ಯೊಸಿನಾಳ ಮುಂದೆ ಬಾಗಿ ಇಟ್ಟಳು.

ಯೊಸಿನಾ ಎಲೆ ಬಿಚ್ಚಿದಳು. ಬೆರಳಲ್ಲಿ ಮೀನು ಮುರಿದು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು.

"ಹೇಗಿದೆ?" ಎಂದಳು ಜಡ್ಜಿ ಹೆಂಡತಿ, ಜೀವ ಕೈಯಲ್ಲಿ ಹಿಡಿದು.

"ಗೊತ್ತಾಗ್ತಿಲ್ಲ ಕಣ್ರೀ." ಯೊಸಿನಾಳ ಕಣ್ಣು ತುಂಬಿತ್ತು. "ಈ ಮೀನು ಸಾವಿರ ಸಲ ಮಾಡಿದೀನಿ. ಬಿಸಿ ಇರುವಾಗ ಒಂದ್ಸಲಾನೂ ತಿಂದಿಲ್ಲ. ಎಲ್ಲಾರದ್ದೂ ಆದ್ಮೇಲೆ ತಣ್ಣಗಿನ ತಲೆ, ಬಾಲ, ನಿಂತ್ಕೊಂಡು. ಬಿಸಿಯಾಗಿದ್ರೆ ಹೇಗಿರುತ್ತೋ ನಂಗೇ ಗೊತ್ತಿಲ್ಲ."

ಬೆಪ್ ಮೂಗು ಸೀಟಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದು. ಹುರಿಗಾಳು ಪಟ್ಟಿ ಹಿಡಿದು ಹಾರುತ್ತಾ ಬಂದ. ಎಲ್ಲರೂ ಧಡಕ್ಕನೆ ಎದ್ದು ಸೊಂಟದಿಂದ ಬಾಗಿದರು. ಯೊಸಿನಾಳೂ ಬಾಗಿ, ಮತ್ತೆ ಕೂತಳು. ಸಂಜೆಯ ಸರದಿ. ಅವನು ಮೊದಲು ಬೆಪ್‌ಳ ಹೆಸರು ಕೂಗಿದ. ಬೆಪ್ ಬಿದಿರು ಗಳ ಎತ್ತಿಕೊಂಡು ಹೊರಗೆ ನಿಂತಳು. ಆಮೇಲೆ, "ವೆಸ್ಟರ್‌ಮಾನ್," ಎಂದ.

ಯಾರೂ ಹೊರಡಲಿಲ್ಲ.

"ವೆಸ್ಟರ್‌ಮಾನ್."

ಹೆಸರು ಕೂಗಿದವರು ಬರದಿದ್ದರೆ ಇಡೀ ಕೊಟ್ಟಿಗೆಗೆ ರಾತ್ರಿಯ ಗಂಜಿ ಇಲ್ಲ. ಅರವತ್ತು ಹೆಂಗಸರ ಕಣ್ಣು ಯೊಸಿನಾಳ ಮೇಲೆ. ಎರಡು ವರ್ಷದಿಂದ ಆ ಹೆಸರಿಗೆ ಎದ್ದು ಹೋಗುತ್ತಿದ್ದವಳು ಅವಳು.

"ಯೊಸಿನಾ," ನ್ಯೋನ್ಯಾ ಪಿಸುಗುಟ್ಟಿದಳು. "ಹೋಗು. ಎಲ್ಲಾರೂ ಉಪವಾಸ ಬೀಳ್ತಾರೆ. ಕಾಗದ ಬೇರೆ ಬರೆದುಕೊಡ್ತೀನಿ. ಒಳ್ಳೇದು."

ಹೂಂ ಎಂಬುದು ಯೊಸಿನಾಳ ಗಂಟಲಿಗೆ ಬಂದಿತ್ತು. ಮೀನಿನ ಜೊತೆ ಅದನ್ನೂ ನುಂಗಿದಳು.

"ನಾನು ಊಟಕ್ಕೆ ಕೂತಿದೀನಿ. ಊಟದಿಂದ ಎಬ್ಬಿಸಬಾರದು. ನಿಮ್ಮ ಹೆಸರು ಕರೀತಿದ್ದಾರೆ, ಹೋಗಿ."

ನ್ಯೋನ್ಯಾ ಸುತ್ತ ನೋಡಿದಳು. ಅರವತ್ತು ಜೊತೆ ಕಣ್ಣು ಯೊಸಿನಾಳನ್ನು ಬಿಟ್ಟು ನಿಧಾನವಾಗಿ ಅವಳ ಮೇಲೆ ಬಂದವು. ಆ ಕಣ್ಣುಗಳಿಗೆಲ್ಲ ಹಸಿವಾಗಿತ್ತು. ಅವಳು ಬಾಗಿಲ ಕಡೆ ನಡೆದಳು. ಹುರಿಗಾಳು ಅವಳನ್ನು ಮೇಲೆ ಕೆಳಗೆ ನೋಡಿದ. ನಿನ್ನೆಯವಳಿಗೂ ಇವಳಿಗೂ ವ್ಯತ್ಯಾಸ ಕಾಣಲಿಲ್ಲ. ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಹೋದ.

ಹೊರಗಿಂದ ಬೆಪ್‌ಳ ದನಿ ಕೇಳಿತು. "ಬನ್ನಿ ನ್ಯೋನ್ಯಾ, ಹಿಂದಿನ ತುದಿ ನಿಮ್ಮದು. ಇಳಿಜಾರಲ್ಲಿ ತುಳುಕುತ್ತೆ. ಬಾಯಿ ಮುಚ್ಕೊಂಡಿರಿ."

ಯೊಸಿನಾ ಬೆರಳು ನೆಕ್ಕಿ, ಜಡ್ಜಿ ಹೆಂಡತಿಯ ಕಡೆ ತಿರುಗಿದಳು.

"ಹದಿಮೂರನೇದು ತನ್ನಿ," ಎಂದಳು. "ಬಿಸಿ ಇರಲಿ."